ಹಸೀನಾ ಆಪಾ ನಿದ್ದೆ ಕಲಿತ ವರ್ಷ

ಹೋದ ತಿಂಗಳು ಮಣ್ಣೂರಿನ ಒಂದು ಮದುವೆಗೆಂದು ಹೋಗುವಾಗ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಆಗಷ್ಟೇ ಯಾರೋ ಫಿನೈಲ್ ಹಾಕಿ ನೆಲ ಒರೆಸಿದ್ದರು. ಹಾಲು ಚೆಲ್ಲಿದಂಥ ಬಿಳಿ ಗೆರೆಗಳು ಇನ್ನೂ ಆರಿರಲಿಲ್ಲ. ಬೇರೆಯವರಿಗೆ ಅದನ್ನು ನೋಡಿ ಸಮಾಧಾನವಾಗುತ್ತಿತ್ತೋ ಏನೋ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೆರಗು ಮೂಗಿಗೆ ಹಿಡಿದು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ.

"ಏನಾತು ಮಮ್ಮಿ? ಗಲೀಜಿದ್ರೂ ಆಗೂದಿಲ್ಲ, ಸಾಫ್ ಇದ್ರೂ ಆಗೂದಿಲ್ಲ ನಿನಗ" ಅಂದಳು ಮಗಳು.

ಏನೆಂದು ಹೇಳುವುದು? ಅದೆಲ್ಲ ನಡೆದಾಗ ಅವಳು ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಳು. ನಾವು ಅದೇ ಊರಲ್ಲಿ, ಬಜಾರದ ಹಿಂದಿನ ಓಣಿಯಲ್ಲಿದ್ದೆವು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರದು ತೊಗರಿಯ ಅಡತಿ, ಅಂದರೆ ದಲ್ಲಾಳಿ ವ್ಯಾಪಾರ. ಆ ಕಾರಣಕ್ಕೇ ಓಣಿಗೆಲ್ಲ ಮೊದಲು ನಮ್ಮ ಮನೆಗೆ ಫೋನು ಬಂದಿತ್ತು. ಕರೀ ಬಣ್ಣದ, ಎತ್ತಿದರೆ ಕೈ ಸೋಲುವಷ್ಟು ಭಾರದ ಫೋನು. ಕಲಬುರಗಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕ್ರೋಶಾ ಹೆಣಿಗೆ ಕಲಿಸಿದ್ದರು. ಆ ಫೋನಿಗೆ ಬಿಳಿ ದಾರದಲ್ಲಿ ಒಂದು ಹೊದಿಕೆ ಹೆಣೆದು ಹಾಕಿದ್ದೆ. "ಕೂಸಿಗೆ ಹಾಕಿದಂಗ ಫೋನಿಗೆ ಕುಲಾಯಿ ಹಾಕ್ಯಾಳ ನೋಡ್ರಿ ನಮ್ಮ ಸೊಸಿ" ಎಂದು ಅತ್ತೆಯವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಹೆಮ್ಮೆಯೂ ಇತ್ತು, ಚೇಷ್ಟೆಯೂ ಇತ್ತು.

ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಹಸೀನಾ ಆಪಾಳ ಮನೆ. ಒಂದೇ ಕೋಣೆ, ಮುಂದೆ ತಗಡಿನ ಒಂದು ಇಳಿಜಾರು. ಅಲ್ಲಿ ಅವಳ ಗಂಡ ಮಸ್ತಾನಸಾಬ ಸೈಕಲ್ ರಿಪೇರಿ ಮಾಡುತ್ತಿದ್ದ. ಆಪಾ ಜಂಪರ ಹೊಲಿಯುತ್ತಿದ್ದಳು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳ ರೂಢಿ. ಹಾಗೆ ಮಾತಾಡಿದರೂ ಒಂದು ಅಕ್ಷರ ತಪ್ಪುತ್ತಿರಲಿಲ್ಲ, ಒಂದು ಸೂಜಿ ಬೀಳುತ್ತಿರಲಿಲ್ಲ. ಓಣಿಯ ಅಷ್ಟೂ ಹೆಂಗಸರ ಮೈ ಅವಳಿಗೆ ಗೊತ್ತು. ಯಾರು ಬಸುರಾದರೂ ಮೊದಲು ಗೊತ್ತಾಗುತ್ತಿದ್ದುದು ಅವಳ ಅಳತೆ ಪಟ್ಟಿಗೆ.

ಹಿಂದಿನ ವರ್ಷ ಅವಳ ಎದೆಯಲ್ಲಿ ಗಂಟು ಕಾಣಿಸಿತು. ರಾಜ್ಯದ ಗಡಿಯಾಚೆಯ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಒಂದು ಮೊಲೆ ತೆಗೆದರು, ಕರೆಂಟಿನ ಕಿರಣ ಕೊಟ್ಟರು, ಸೂಜಿಮದ್ದು ಕೊಟ್ಟರು. ಕಾರಹುಣ್ಣಿಮೆಯ ಹೊತ್ತಿಗೆ ಊರಿಗೆ ಬಂದಾಗ ಅವಳ ತಲೆಯ ಮೇಲೆ ಶಾಲೆ ಹುಡುಗರಿಗೆ ಇರುವಷ್ಟು ಕೂದಲು ಮೊಳೆತಿತ್ತು. ರೋಗ ಹೋಗಿದೆ, ಇನ್ನು ಆರಾಮಿರು ಅಂದಿದ್ದರು ಡಾಕ್ಟರು.

ರೋಗ ಹೋದರೂ ಓಣಿಯವರು ಅದನ್ನು ಹೋಗಲು ಬಿಡಲಿಲ್ಲ. ಎರಡು ಮನೆ ಆಚೆಯ ಕಲ್ಲವ್ವ, ಮೊದಲೇ ಕೊಟ್ಟಿಟ್ಟಿದ್ದ ಖಣದ ಬಟ್ಟೆಯನ್ನು ಕತ್ತರಿಸುವ ಮೊದಲೇ ವಾಪಸು ಒಯ್ದಳು. ಯಾಕೆಂದು ನಾನು ಕೇಳಿದ್ದಕ್ಕೆ, ದನಿ ಇಳಿಸಿ ಹೇಳಿದಳು:

"ಜ್ವರ ಬಂದಿದ್ರ ಬ್ಯಾರೆ ಮಾತ್ರಿ. ಆ ಬ್ಯಾನಿ ಬಂದದ್ದು ಎಲ್ಲಿಗೆ? ಎದಿಗೆ. ಆಕಿ ಹೊಲಿಯೂದು ಏನು? ಜಂಪರ. ಅದನ್ನ ನಾವು ಎಲ್ಲಿಗೆ ಹಾಕ್ಕೋಬೇಕು? ನೀವ ವಿಚಾರ ಮಾಡ್ರಿ."

ಎಷ್ಟು ಸಲೀಸಾಗಿ ಲೆಕ್ಕ ಹಾಕಿದ್ದಳು! ಒಬ್ಬರ ನಂತರ ಒಬ್ಬರಿಗೆ ಆ ಲೆಕ್ಕ ಸರಿಯೆನಿಸಿತು. ನೋಡಲು ಬರುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಬಾಗಿಲ ಹೊರಗೇ ನಿಂತು "ಹ್ಯಾಂಗಿದ್ದೀರಿ ಆಪಾ" ಅನ್ನುವುದು, ಕಣ್ಣು ಮಾತ್ರ ಅವಳ ಸೆರಗಿನ ಎಡಗಡೆಗೆ ಇಳಿಸುವುದು, ಚಪ್ಪಟೆಯಾದುದನ್ನು ನೋಡಿ ತೃಪ್ತಿಯಾದ ಮೇಲೆ "ಮಲ್ಕೋರಿ, ಮಲ್ಕೋರಿ, ಏಳಬ್ಯಾಡ್ರಿ" ಎಂದು ಹೋಗುವುದು. ಆ ಕಣ್ಣುಗಳು ಇಳಿದು ಹತ್ತುವುದನ್ನು ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ತಿಪ್ಪೆಯ ಮೇಲೆ ನೊಣ ಕೂತೆದ್ದಂತೆ.

ಮಳೆ ಹಿಡಿದ ಒಂದು ದಿನ ಗೋಡೆಯ ಆಚೆಯಿಂದ ಆಪಾ ಕರೆದಳು. "ವೈನಿ, ನನಗ ನಿದ್ದಿ ಹೋಗಿ ಬಿಟ್ಟದ್ರಿ. ನೋವಿಲ್ಲ, ಏನಿಲ್ಲ. ಕಣ್ಣು ಮುಚ್ಚಿದ್ರ ಕೈ ತಾನ ಹೋಗ್ತದ, ಉಳಿದದ್ದು ತಟ್ಟಿ ನೋಡ್ತದ. ಅಲ್ಲೂ ಗಂಟದ ಏನು ಅಂತ. ಬೆಳತನಕ ಅದ ಕೆಲಸ."

ಅವಳ ಬೆರಳುಗಳನ್ನು ನೋಡಿದೆ. ತುದಿಗಳೆಲ್ಲ ಸೂಜಿ ಚುಚ್ಚಿ ಕಪ್ಪು ಚುಕ್ಕೆ. ನಿದ್ದೆಗೆಟ್ಟ ಕೈಗೆ ಮಿಶಿನ್ನಿನ ಹಿಡಿತ ಸಿಗುತ್ತಿರಲಿಲ್ಲ. ಆಳಂದದಲ್ಲಿದ್ದ ಅವಳ ನಾದಿನಿ ಯಾವನೋ ಕಂಪೌಂಡರನ ಕಡೆಯಿಂದ ನಿದ್ದೆ ಗುಳಿಗೆ ಕಳಿಸಿದಳು. ಅದನ್ನು ನುಂಗಿದ ಮರುದಿನ ಆಪಾ ನನ್ನ ಜಂಪರಿನ ತೋಳನ್ನು ಕುತ್ತಿಗೆಗೆ ಹೊಲಿದಿಟ್ಟಳು. ಜೇವರ್ಗಿಯಿಂದ ಅವಳ ಅಕ್ಕ ಬಂದು ಮೂಲೆಯಲ್ಲಿ ದಪ್ಪನೆಯ ಕೌದಿ ಹಾಸಿ, "ಇಲ್ಲಿಂದ ಏಳಬ್ಯಾಡ, ಬಿದ್ಕೋ" ಎಂದು ಆಣೆ ಹಾಕಿಸಿ ಹೋದಳು. ಆ ಕೌದಿಯನ್ನು ಹಗಲೂ ಸುತ್ತುತ್ತಿರಲಿಲ್ಲ. ಅದರ ಮೇಲೆ ಬಿದ್ದು ತಗಡಿಗೆ ಮಳೆ ಬೀಳುವುದನ್ನು ಕೇಳುತ್ತಿದ್ದಳು. ನಿದ್ದೆ ಬರದಿದ್ದರೆ ಹೊಲಿಯುವ ಕೈ ಹೋಗುತ್ತದೆ, ಆ ಕೈ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಒಮ್ಮೆ ಕೇಳಿದಳು. ಅದು ಪ್ರಶ್ನೆಯಾಗಿರಲಿಲ್ಲ.

ತಪಾಸಣೆಗೆ ಹೋದಾಗ ಆಸ್ಪತ್ರೆಯಲ್ಲಿ ಹೇಳಿಕೊಂಡಳಂತೆ. ಅಲ್ಲಿ ರೋಝಿ ಎಂಬ ಒಬ್ಬ ನರ್ಸಮ್ಮ, ಗುಳಿಗೆಯಿಲ್ಲದೆ ಬರೀ ಮಾತಿನಿಂದ, ಕ್ರಮದಿಂದ ನಿದ್ದೆ ತಿದ್ದುವ ವಿದ್ಯೆ ಎಲ್ಲಿಯೋ ಕಲಿತು ಬಂದಿದ್ದರು. ಈ ರೋಗದಿಂದ ಉಳಿದು ಬಂದ ಹೆಂಗಸರಲ್ಲಿ ಬಹಳ ಜನ ಅಳುವುದು ನಿದ್ದೆಗೇ ಎಂದು ಅವರಿಗೆ ಗೊತ್ತಿತ್ತು. ದೂರದವರಿಗೆ ವಾರಕ್ಕೊಮ್ಮೆ ತಾವೇ ಫೋನು ಮಾಡಿ ಕಲಿಸುತ್ತಿದ್ದರು. ಯಾವುದಾದರೊಂದು ಮನೆಯ ನಂಬರ್ ಬೇಕಿತ್ತು, ಆಪಾ ನಮ್ಮದನ್ನು ಕೇಳಿದಳು.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಒಳಗ ಬರೂ ಫೋನಿಗೆ ರೊಕ್ಕೇನ ಹತ್ತೂದಿಲ್ಲ, ಬರ್ಲಿ" ಅಂದರು. ಅತ್ತೆಯವರು ವಿಭೂತಿ ಉಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಜೋರಾಗಿ ಒತ್ತಿದರು.

ಮೊದಲ ಗುರುವಾರ ಆಪಾ ತೊಳೆದ ಸೀರೆಯುಟ್ಟು, ಚಪ್ಪಲಿ ರಸ್ತೆಯಲ್ಲೇ ಬಿಟ್ಟು, ಕಾಲು ತೊಳೆದು ಬಂದಳು. ರಿಸೀವರನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮಾತಾಡಿದಳು. ಆಚೆಯಿಂದ ರೋಝಿ ಸಿಸ್ಟರ್ ಹಿಂದಿಯಲ್ಲಿ, ಈಚೆಯಿಂದ ಆಪಾ ತನ್ನ ದಖನಿ ಉರ್ದುವಿನಲ್ಲಿ. ನಡುವೆ ತಿಳಿಯದ್ದನ್ನು ನಾನು ಕೇಳಿ ಹೇಳುತ್ತಿದ್ದೆ. ಹಗಲು ಮಲಗಬಾರದು. ಹಾಸಿಗೆ ನಿದ್ದೆಗೆ ಮಾತ್ರ, ಬಿದ್ದುಕೊಂಡು ಚಿಂತಿಸಲು ಅಲ್ಲ. ಕಣ್ಣು ಪೂರ್ತಿ ಎಳೆಯುವ ತನಕ ಹಾಸಿಗೆಗೆ ಹೋಗಬಾರದು. ಹೋಗಿ ನಿದ್ದೆ ಬರದಿದ್ದರೆ ಎದ್ದು ಇನ್ನೊಂದು ಕೋಣೆಗೆ ಹೋಗಿ ಕೂಡಬೇಕು. ಎಷ್ಟು ಹೊತ್ತಿಗೇ ಮಲಗಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು.

"ಏಳೂದು ಅಜಾನಕ್ಕ, ಅದು ಸಸಾರ" ಅಂದಳು ಆಪಾ. "ಇನ್ನೊಂದು ಕೋಣಿ ಎಲ್ಲಿಂದ ತರ್ಲಿ? ಇದ್ದದ್ದ ಒಂದು."

ಸಿಸ್ಟರ್ ಮುಂದಿನ ವಾರ ಹೇಳುತ್ತೇನೆ ಅಂದರು. ಅವರ ವಿದ್ಯೆಯಲ್ಲಿ ಒಂದೇ ಕೋಣೆಯ ಮನೆ ಇರಲಿಲ್ಲ ಅನ್ನಿಸುತ್ತದೆ.

ಅವಳು ಹೋದ ಮೇಲೆ ನಾನು ಕೂಸಿಗೆ ಹಾಲು ಕುಡಿಸಿ ಹೊರಗೆ ಬರುತ್ತೇನೆ, ಅತ್ತೆಯವರು ಫೋನಿನ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟಲ ತುಂಬ ಫಿನೈಲ್, ನೀರು ಬೆರೆಸದ್ದು. ಹಳೆಯ ಧೋತರದ ತುಂಡು ಅದ್ದಿ ಅದ್ದಿ ರಿಸೀವರನ್ನು ಉಜ್ಜುತ್ತಿದ್ದಾರೆ. ನನ್ನ ಕ್ರೋಶಾ ಹೊದಿಕೆ ಕಡ್ಡಿಯ ತುದಿಯಲ್ಲಿ ಸಿಕ್ಕಿಕೊಂಡು ಬಾಗಿಲ ಹೊರಗೆ ಬಿದ್ದಿತ್ತು.

"ಅತ್ತಿ, ಇದು ಹಂಗ ಹತ್ತೂ ಬ್ಯಾನಿ ಅಲ್ರಿ."

"ನಿನಗೇನ ಗೊತ್ತು ಬೇ. ಆಕಿ ಉಸರು ಒಳಗ ಹೋಗ್ಯದ. ತೂತು ಅದಾವಲ್ಲ, ನೋಡಿಲ್ಲೇನು?" ಎಂದು ಮಾತಾಡುವ ಕಡೆಯ ಆ ಸಣ್ಣ ತೂತುಗಳಿಗೆ ಬಟ್ಟೆಯನ್ನು ಹಿಂಡಿದರು. ಒಂದೊಂದು ಹನಿ ಒಳಗಿಳಿಯಿತು.

ಪ್ರತಿ ಗುರುವಾರ ಇದೇ ಪೂಜೆ. ಯಜಮಾನರ ಎಡಗಿವಿಯ ಹಾಲೆ ಕೆಂಪಾಗಿ ಸುಲಿಯತೊಡಗಿತು. ಅವರು ತಾಯಿಯನ್ನು ತಡೆಯದೆ ಫೋನನ್ನು ಬಲಗಿವಿಗೆ ಹಿಡಿಯತೊಡಗಿದರು. ನನಗೆ ಫಿನೈಲಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ಬಲಗಿವಿ.

ಅತ್ತೆಯವರು ಕೆಟ್ಟವರಾಗಿರಲಿಲ್ಲ, ಅದನ್ನೂ ಬರೆಯಬೇಕು. ಎಳೆ ಜೋಳದ ಸೀತನಿ ಬಂದಾಗ ಮೊದಲ ಬುಟ್ಟಿ ಮಸ್ತಾನಸಾಬನ ಮನೆಗೇ ಹೋಗುತ್ತಿತ್ತು. ಆಪಾ ಆಸ್ಪತ್ರೆಗೆ ಹೋಗುವಾಗ ಕಣ್ಣೀರು ಹಾಕಿದ್ದರು. ಅವಳು ಸತ್ತಿದ್ದರೆ ಮನಸಾರೆ ಅಳುತ್ತಿದ್ದರು. ಉಳಿದು ಬಂದವಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಇನ್ನೊಂದು ಕೋಣೆಯ ತೊಡಕು ಬಿಡಿಸಿದ್ದು ಮಸ್ತಾನಸಾಬ. ಸೈಕಲ್ಲಿನ ಬ್ರೇಕ್ ತಂತಿಯನ್ನು ಗೋಡೆಯಿಂದ ಗೋಡೆಗೆ ಎಳೆದು ಹಳೇ ಸೀರೆ ತೂಗುಬಿಟ್ಟ. ಆಚೆ ಹಾಸಿಗೆ, ಈಚೆ ಮಿಶಿನ್ನು. "ಈಗ ಇದು ಬ್ಯಾರೆ ಕೋಣಿ. ಬೇಕಂದ್ರ ಬಾಗಿಲಾ ಬಡದು ಬಾ" ಎಂದು ಹೆಂಡತಿಗೆ ಹೇಳಿದನಂತೆ. ಸಿಸ್ಟರಿಗೆ ತಿಳಿಸಿದಾಗ ಅವರು ನಕ್ಕ ಸದ್ದು ನನಗೂ ಕೇಳಿಸಿತು. ನಿಂಬರ್ಗಾ ಕಡೆಯ ಇನ್ನೊಬ್ಬ ಹೆಂಗಸಿಗೂ ಸೀರೆಯನ್ನೇ ಹೇಳುತ್ತೇನೆ ಅಂದರು.

ಮುಂದಿನ ಪಾಠ ಇನ್ನೂ ವಿಚಿತ್ರ. ಹೆದರಿಕೆಗೆ ಹಗಲಿನಲ್ಲಿ ಒಂದು ವೇಳೆ ಗೊತ್ತು ಮಾಡು, ಹೆದರುವುದಿದ್ದರೆ ಆಗಲೇ ಕೂತು ಹೆದರು, ಬೇರೆ ಹೊತ್ತಿನಲ್ಲಿ ಬಂದರೆ ನಾಳೆ ಬಾ ಅನ್ನು.

"ಹೆದರಿಕಿಗೂ ಆಫೀಸ್ ಟೈಮ್ ಏನ್ರಿ ವೈನಿ?"

ಇರಲಿ ಎಂದು ಸಂಜೆಯ ಚಹಾದ ಹೊತ್ತನ್ನು ಗೊತ್ತು ಮಾಡಿದೆವು. ನಮ್ಮ ಹಿತ್ತಲಿನ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತ ಅವಳು ಹೆದರುತ್ತಿದ್ದಳು, ನಾನು ಕೇಳುತ್ತಿದ್ದೆ. ಗಂಟು ತಿರುಗಿ ಬಂದರೆ? ಗಂಡ ಇನ್ನೊಂದು ನಿಕಾಹ್ ಆದರೆ? ಅವನ ಕೈಗೆ ಎಣ್ಣೆ ಗ್ರೀಸು ಬಿಟ್ಟು ಬೇರೇನೂ ಹತ್ತುವುದಿಲ್ಲ ಎಂದು ನಾನಂದರೆ, ಅದಕ್ಕೂ ಒಬ್ಬಾಕಿ ಸಿಗ್ತಾಳ್ರಿ, ಊರಾಗ ಸಾಬೂನಿಗೇನ ಕಡಿಮಿ ಅನ್ನುತ್ತಿದ್ದಳು. ಚಹಾದ ಕಪ್ಪು ಬರಿದಾದರೆ ಏಳುವುದು. ಒಂದೊಂದು ದಿನ ಹೆದರಿಕೆ ಮುಗಿದು ಚಹಾ ಉಳಿಯುತ್ತಿತ್ತು.

ಓಣಿಗೆ ಕಂಡದ್ದೇ ಬೇರೆ. ಜೇವರ್ಗಿಯ ಅಕ್ಕ ಹಾಸಿಕೊಟ್ಟ ಕೌದಿ ಹಗಲೆಲ್ಲ ಸುತ್ತಿಟ್ಟಿದೆ. ಕಾಯಿಲೆಯ ಹೆಂಗಸು ನಡುಮಧ್ಯಾಹ್ನ ತೂಕಡಿಸುತ್ತ ಕೂತಿದ್ದಾಳೆ. ನಾನು ಹೋಗಿ "ಆಪಾ, ಏಳ್ರಿ, ಮಲಗಬ್ಯಾಡ್ರಿ" ಎಂದು ಭುಜ ಹಿಡಿದು ಅಲ್ಲಾಡಿಸುತ್ತಿದ್ದೇನೆ. ನಲ್ಲಿಯ ಹತ್ತಿರ ಕಲ್ಲವ್ವ ನನಗೆ ಕೇಳಲೆಂದೇ ಹೇಳಿದಳು: "ಇಂಗ್ರೇಜಿ ಸಾಲಿ ಕಲ್ತವರು ನೋಡವ್ವ. ಸಾಯೂ ಹೆಣಮಗಳಿಗೆ ಕಣ್ಣ ಮುಚ್ಚಾಕ ಬಿಡವಲ್ರು. ಪಾಪ ಹತ್ತೂದಿಲ್ಲೇನು?" ಅದೇ ಬಾಯಿ ಆಪಾಳ ಮನೆಯ ನೀರು ಮುಟ್ಟುತ್ತಿರಲಿಲ್ಲ. ನಾನು ಜಗಳ ಆಡಲು ಕಲಿತವಳಲ್ಲ. ಕೊಡ ಎತ್ತಿಕೊಂಡು ಬಂದೆ.

ನವರಾತ್ರಿಯ ಹೊತ್ತಿಗೆ ಫೋನು ಬರುವುದು ನಿಂತಿತು. ಒಂದು ಗುರುವಾರ ಆಪಾ ಬಂದು ಕೂತು ಕಾಯ್ದು ಹೋದಳು, ಮುಂದಿನ ವಾರವೂ ಹಾಗೇ. ಬೇಜಾರಾಗಿ ಬಿಟ್ಟರೇನೋ ಅಂದಳು. ಮೂರನೆಯ ವಾರ, ಅವಳು ಬರುವ ಮೊದಲು, ಎತ್ತಿಗೆ ಜೂಲು ಹೊದಿಸಿದಂತೆ ಅತ್ತೆಯವರು ಫೋನಿಗೆ ಹೊಸದಾಗಿ ಹೊದಿಸಿದ್ದ ಟವೆಲನ್ನು ಸರಿಸಿ ನೋಡಿದೆ. ರಿಂಗಾಗದಂತೆ ರಿಸೀವರನ್ನು ಎತ್ತಿ ಪಕ್ಕಕ್ಕೆ ಮಲಗಿಸಿಟ್ಟಿದ್ದರು. ಒಳಗಿನಿಂದ ಒಂದೇ ಸಮ ಕುಂಯ್ ಅನ್ನುವ ದನಿ. ದೇವರ ಕೋಣೆಯಿಂದ ಅತ್ತೆಯವರು ನನ್ನನ್ನೇ ನೋಡುತ್ತಿದ್ದರು, ಎಡ ಅಂಗೈಯಲ್ಲಿ ಲಿಂಗ. ಕಣ್ಣು ಕೂಡಿದ ಮೇಲೆ ನಿಧಾನ ಕಣ್ಣು ಮುಚ್ಚಿ ಪೂಜೆ ಮುಂದುವರಿಸಿದರು.

ಇನ್ನು ಮನೆಯ ಫೋನನ್ನು ನಂಬಿ ಕೂಡುವಂತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ಎಸ್‌ಟಿಡಿ ಬೂತು ಆಗಿತ್ತು. ನಾನೇ ಅಲ್ಲಿಂದ ಸಿಸ್ಟರಿಗೆ ಫೋನು ಮಾಡಿ ಬೂತಿನ ನಂಬರ್ ಕೊಟ್ಟೆ. ಮುಂದಿನ ಗುರುವಾರ ಇಬ್ಬರೂ ಹೋದೆವು. ಸಂತೆಯ ದಿನ, ಬೂತಿನ ಮುಂದೆ ಅತನೂರ, ಮಣ್ಣೂರ ಕಡೆಯ ಗಂಡಸರ ಹಿಂಡು. ಗಾಜಿನ ಗೂಡಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಗಾಜಿನ ಮೇಲೆ ಎಲೆಯಡಿಕೆಯ ಉಗುಳು ಒಣಗಿ ಗೆರೆ ಗೆರೆಯಾಗಿತ್ತು. ಲೈನು ಸರಿ ಇರಲಿಲ್ಲ, ಆಪಾ ಕೂಗಿ ಕೂಗಿ ಹೇಳಬೇಕಾಯಿತು. ಆಚೆಯವರ ಪ್ರಶ್ನೆ ಯಾರಿಗೂ ಕೇಳದು, ಅವಳ ಉತ್ತರ ಎಲ್ಲರಿಗೂ ಕೇಳುವುದು. ಹಾಸಿಗೆಗೆ ತಡವಾಗಿ ಹೋದೆ. ನಡುವೆ ಎದ್ದು ಹೊರಗೆ ಬಂದೆ. ಮತ್ತೆ ಹೋದೆ. ಹೌದು, ಹಾಸಿಗೆಯಲ್ಲಿ ಬೇರೇನೂ ಮಾಡುವುದಿಲ್ಲ.

"ಯಾರ ಹಾಸಿಗಿ ಬೇ?" ಅಂದ ಒಬ್ಬ. ಹಲ್ಲು ಕೆಂಪು, ಹೆಗಲ ಮೇಲೆ ತೊಳೆದ ಟವೆಲು. ಉಳಿದವರು ಗೊಳ್ಳೆಂದರು. ಬೂತಿನವನೂ ತಲೆ ತಗ್ಗಿಸಿ ನಕ್ಕ. "ಏ, ಹೊರಗ ಬರ್ಲಿ ತಡಿಯೋ, ಅಡ್ರೆಸ್ ಕೇಳೋಣು" ಅಂದ ಮತ್ತೊಬ್ಬ.

ನಾನು ಗೂಡಿನ ಬಾಗಿಲನ್ನು ಒತ್ತಿ ಹಿಡಿದೆ. ಆಪಾ ಅವಸರ ಮಾಡಲಿಲ್ಲ. ಎಲ್ಲ ಪ್ರಶ್ನೆಗೂ ಅಷ್ಟೇ ದನಿಯಲ್ಲಿ ಉತ್ತರ ಕೊಟ್ಟು, "ಅಚ್ಛಾ ಜೀ, ಸಲಾಂ" ಎಂದು ಫೋನಿಟ್ಟು, ಹೊರಗೆ ಬಂದು ಆ ಕೆಂಪು ಹಲ್ಲಿನವನ ಎದುರು ನಿಂತಳು.

"ನನ್ನ ಹಾಸಿಗಿನ್ರಿ. ಒಂದ ಮಲಿ ಕೊಯ್ಸಿಕೊಂಡಾಕಿ ಹಾಸಿಗಿ. ನಿದ್ದಿ ಬರಂಗಿಲ್ಲ, ಅದಕ್ಕ ದವಾ ಕೇಳಾಕತ್ತೇನಿ. ನಿಮಗ ಇನ್ನೇನರ ಕೇಳೂದದ ಏನು?"

ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡ. ನಾಚಿಕೆಗಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಮೂಗೂ ಮುಚ್ಚಿದ. ಗುಂಪು ತಾನಾಗಿ ಅಗಲವಾಯಿತು. ಅಷ್ಟಗಲದ ದಾರಿಯಲ್ಲಿ ಇಬ್ಬರೂ ನಡೆದು ಬಂದೆವು.

"ದಾರಿ ಎಷ್ಟ ಚಂದ ಬಿಟ್ರು ನೋಡ್ರಿ ವೈನಿ, ಕಲೆಕ್ಟರ್ ಸಾಹೇಬ್ರಿಗೆ ಬಿಟ್ಟಂಗ" ಅಂದಳು ಆಪಾ. ನಾನು ಗಟಾರದ ಪಕ್ಕ ಕೂತು ವಾಂತಿ ಮಾಡಿಕೊಂಡೆ. ಅವಳೇ ನನ್ನ ಬೆನ್ನು ಸವರಿದಳು.

ಆಮೇಲೆಯೂ ಗುರುವಾರ ತಪ್ಪಿಸಲಿಲ್ಲ. ಬೂತು, ನಗು, ಸರಿಯುವ ಗುಂಪು, ಎಲ್ಲ ರೂಢಿಯಾದವು. ತೊಗರಿ ಹೂವು ಉದುರಿ ಕಾಯಿ ಕಟ್ಟಿದವು. ಆಪಾಗೆ ನಿದ್ದೆ ಚೂರು ಚೂರಾಗಿ ಬರುತ್ತಿತ್ತು, ಹರಿದ ಬಟ್ಟೆಗೆ ತೇಪೆ ಕೂಡಿಸಿದಂತೆ ಎಂದು ಅವಳೇ ಅನ್ನುತ್ತಿದ್ದಳು. ಬೆರಳ ತುದಿಯ ಕಪ್ಪು ಚುಕ್ಕೆಗಳು ಕಡಿಮೆಯಾದವು. ಅವಳು ಹೊಲಿದ ಜಂಪರನ್ನು ನಾನು ಎಳ್ಳಮಾಸಿ ಹಬ್ಬಕ್ಕೆ ತೊಟ್ಟುಕೊಂಡು ಹೊಲದ ಊಟಕ್ಕೆ ಹೋದೆ. ಕಾಳುಸೊಪ್ಪಿನ ಭಜ್ಜಿ ಬಡಿಸುವಾಗ ಓಣಿಯ ಹೆಂಗಸರು ನನ್ನ ತೋಳು ತಾಗದಂತೆ ಎಲೆ ಸರಿಸಿಕೊಂಡರು.

ಅದಾದ ಕೆಲವು ದಿನಗಳಿಗೆ, ಥಂಡಿ ಕೊರೆಯುವ ಒಂದು ಬೆಳಿಗ್ಗೆ, ಮಸ್ತಾನಸಾಬ ನಮ್ಮ ಬಾಗಿಲಿಗೆ ಓಡಿ ಬಂದ. ತಲೆಯ ಮೇಲೆ ಟೋಪಿಯಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ.

"ವೈನಿ, ಬರ್ರಿ ಲಗು. ಆಕಿ ಏಳವಲ್ಲಳು. ಅಜಾನ್ ಆಗಿ, ಬಿಸಲು ಬಿದ್ದು... ಕರದೆ, ಓ ಅನವಲ್ಲಳು."

ಎಷ್ಟೋ ತಿಂಗಳಿಂದ ಅವನ ಕಾಲ ಸಪ್ಪಳಕ್ಕೂ ಓಗೊಡುತ್ತಿದ್ದ ಹೆಂಡತಿ. ಹತ್ತಿರ ಹೋಗಿ ಮುಟ್ಟಿ ನೋಡುವ ಧೈರ್ಯ ಅವನಿಗೆ ಆಗಿರಲಿಲ್ಲ. ನಾನು ಕೂಸನ್ನು ನೆಲಕ್ಕಿಳಿಸಿ ಓಡಿದೆ.

ನಾನು ತಲುಪುವ ಮೊದಲೇ ಓಣಿ ತಲುಪಿತ್ತು. ಇಷ್ಟು ತಿಂಗಳು ಆ ಹೊಸ್ತಿಲ ಆಚೆ ನಿಂತವರು ಈಗ ಒಳಗೆ ನಿಂತಿದ್ದರು, ಮಿಶಿನ್ನಿನ ಸುತ್ತ, ಒತ್ತಾಗಿ. ಕಲ್ಲವ್ವ ಸೆರಗು ಬಾಯಿಗೆ ತುರುಕಿಕೊಂಡು ಶುರುಮಾಡಿಯೇ ಬಿಟ್ಟಿದ್ದಳು: "ಹೋಗೇ ಬಿಟ್ಲಲ್ರವ್ವ ನಮ್ಮ ಆಪಾ! ಎಂಥಾ ಕೈ ಇತ್ತು! ಆ ಕೈಲೆ ಹೊಲಿದ ಜಂಪರು ಮೈಮ್ಯಾಲ ಹೂವಿನಂಗ ಕೂಡ್ತಿತ್ತು..." ನಮ್ಮ ಅತ್ತೆಯವರೂ ಬಂದಿದ್ದರು, ಕಣ್ಣಲ್ಲಿ ನಿಜವಾದ ನೀರು. ಆ ಅಳು ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಜುಮುಗುಟ್ಟುವಷ್ಟು ಅಸಹ್ಯವಾಯಿತು. ಇಷ್ಟು ಪ್ರೀತಿಯನ್ನು ಇವರು ಎಲ್ಲಿ ಬಚ್ಚಿಟ್ಟಿದ್ದರು?

ತೂಗುಬಿಟ್ಟ ಸೀರೆಯನ್ನು ದಾಟುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ನಾನು ಸರಿಸಿದೆ.

ಅಳುವಿನ ಆ ಸದ್ದಿನ ಅಡಿಯಲ್ಲಿ ಆಪಾ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಬಾಯಿ ಅರೆ ತೆರೆದಿತ್ತು. ತುಟಿಯ ಮೂಲೆಯಿಂದ ಜೊಲ್ಲು ಇಳಿದು ದಿಂಬು ತೊಯ್ದಿತ್ತು. ಸದಾ ಎದೆ ತಟ್ಟುತ್ತಿದ್ದ ಕೈ, ಹಾಸಿಗೆಯ ಹೊರಗೆ ನೆಲದ ಮೇಲೆ ಅಂಗಾತ ಬಿದ್ದಿತ್ತು, ಯಾರದೋ ಮರೆತು ಬಿಟ್ಟು ಹೋದ ವಸ್ತುವಿನಂತೆ.

ನಾನು ಆ ಕೈಯ ಪಕ್ಕ ಕೂತುಬಿಟ್ಟೆ. ಕಲ್ಲವ್ವ ಅದಕ್ಕೆ ತನ್ನ ಅರ್ಥ ಹಚ್ಚಿಕೊಂಡು ದನಿ ಏರಿಸಿದಳು. ಆ ಸದ್ದಿಗೆ ಆಪಾ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಸೀರೆಯಾಚೆಯ ಅಷ್ಟೂ ಮುಖಗಳನ್ನು ನೋಡಿದಳು.

"ಯಾರು ಹೋದ್ರು ವೈನಿ?"

ಕಲ್ಲವ್ವನ ಅಳು ಅರ್ಧಕ್ಕೇ ಸಿಕ್ಕಿಕೊಂಡಿತು. ಮಸ್ತಾನಸಾಬ ಹೊರಗೆ ಹಳೆಯ ಟೈರಿನ ಮೇಲೆ ಕುಕ್ಕರಿಸಿ ಬಿಕ್ಕತೊಡಗಿದ. "ಕೈಕು ರೋರೈಂ ಜೀ?" ಎಂದು ಅವನು ಅಳುವುದಕ್ಕೆ ಗದರಿಸಿ, ಆಪಾ ಎದ್ದು ಕೂತು ಸೆರಗು ಸರಿಪಡಿಸಿಕೊಂಡಳು. ನಿದ್ದೆಯ ಮಡಿಕೆ ಕೆನ್ನೆಯ ಮೇಲೆ ಅಚ್ಚೊತ್ತಿತ್ತು. "ಇಷ್ಟ ಮಂದಿ ಒಳಗ ಬಂದೀರಿ. ಕೂಡ್ರಿ, ಚಹಾ ಇಡ್ತೇನಿ."

ಚಹಾ ಅಂದದ್ದೇ ತಡ, ಒಬ್ಬಳಿಗೆ ಒಲೆಯ ಮೇಲೆ ಹಾಲು, ಇನ್ನೊಬ್ಬಳಿಗೆ ನಲ್ಲಿ ನೀರು ನೆನಪಾಯಿತು. ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಬಿದ್ದರು. ಅತ್ತೆಯವರು ಎಲ್ಲರಿಗಿಂತ ಕೊನೆಗೆ, ಹೊಸ್ತಿಲ ಮೇಲೆ ತಿರುಗಿ ನಿಂತರು. ಸುರಿಸಿದ ಕಣ್ಣೀರು ವ್ಯರ್ಥವಾದ ಸಿಟ್ಟು ಮುಖದಲ್ಲಿ.

"ಬಿಸಲು ಮಾಳಿಗಿ ಏರ್ಯದ, ಇನ್ನಾ ಹಾಸಿಗ್ಯಾಗ ಬಿದ್ದಿ. ಹೆಣಮಕ್ಕಳು ಹಿಂಗ ಮಲಗತಾರೇನ ಬೇ? ಒಂದು ಲಕ್ಷಣ ಬ್ಯಾಡ?"

ಊರೆಲ್ಲ ಅವಳಿಗೆ ಮಲ್ಕೋ ಮಲ್ಕೋ ಅಂದಿತ್ತು. ಮೈಮರೆತು ಮಲಗಿದ್ದಕ್ಕೆ, ಬೇರೆ ಯಾವುದೇ ಸೊಸೆಯನ್ನೋ ಮಗಳನ್ನೋ ಬೈಯುವಂತೆ, ಅವಳನ್ನು ಬೈದವರು ಇವರೇ ಮೊದಲು.

"ತಪ್ಪಾತ್ರಿ ದೊಡ್ಡವ್ವಾರ" ಅಂದಳು ಆಪಾ. "ನಾಳಿಂದ ಲಗು ಏಳ್ತೇನ್ರಿ."

ಅತ್ತೆಯವರು ಹೋದ ಮೇಲೆ ಅವಳು ಮೊಣಕಾಲಲ್ಲಿ ಮುಖ ಹುದುಗಿಸಿ ನಕ್ಕಳು, ಬೆನ್ನು ಕುಲುಕುವಷ್ಟು. ನನಗೆ ನಗು ಬರಲಿಲ್ಲ. ಇಬ್ಬರೂ ಕೂಡಿ ಕೌದಿ ಸುತ್ತಿದೆವು. ದಿಂಬಿನ ಮೇಲೆ ಅಂಗೈಯಗಲ ತೇವ ಇನ್ನೂ ಬೆಚ್ಚಗಿತ್ತು. ದಿಂಬನ್ನು ಎದೆಗವಚಿಕೊಂಡು, ಇನ್ನೂ ಚದುರದೆ ನಿಂತಿದ್ದ ಓಣಿಯ ಹೆಂಗಸರ ನಡುವೆ ಹಾಯ್ದು, ನಮ್ಮ ಮಾಳಿಗೆಯ ಬಿಸಿಲಿಗೆ ಹಾಕಲು ಒಯ್ದೆ.